ಕುಸುಬೆಗೂ ಒಂದು ಗುರುತಿನ ಚೀಟಿ

(ಗದಗಿನಲ್ಲಿ ಆಯುರ್ವೇದ ವಿದ್ಯಾರ್ಥಿಗಳು, ಗಿಡಮೂಲಿಕೆ ವ್ಯಾಪಾರಿಗಳು ಹಾಗೂ ಸುತ್ತಲಿನ ಊರುಗಳ ಕೆಲವು ರೈತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ಕೇಸರಿಯ ಬಗೆಗಿನ ಪಾಠಗಳ ಕೊನೆಗೆ ಸಾಮಾನ್ಯವಾಗಿ ‘ಕಲಬೆರಕೆ’ ಎಂಬ ತಲೆಬರಹ ಇರುತ್ತದೆ. ಅದರ ಕೆಳಗೆ ಗೋವಿನಜೋಳದ ತೆನೆಯ ಜುಟ್ಟು, ಚೆಂಡುಹೂವಿನ ದಳ, ಬಣ್ಣ ಹಾಕಿದ ನಾರು ಇವುಗಳ ಸಾಲಿನಲ್ಲಿ ನಮ್ಮ ಕುಸುಬೆಯೂ ಆರೋಪಿಯಾಗಿ ನಿಂತಿರುತ್ತದೆ. ವಿದ್ಯಾರ್ಥಿಗಳು ಅದನ್ನು ಹಾಗೆಯೇ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಬರೆದು, ಮರೆತುಬಿಡುತ್ತಾರೆ. ನನ್ನ ತಕರಾರು ಅಲ್ಲಿಂದಲೇ ಶುರುವಾಗುತ್ತದೆ. ಚೀನಾದ ಅಧಿಕೃತ ಔಷಧಕೋಶದಲ್ಲಿ ಇದೇ ಹೂವಿಗೆ ಹೊಂಗ್ ಹುವಾ ಎಂಬ ಹೆಸರಿನಲ್ಲಿ ಪ್ರತ್ಯೇಕ ಅಧ್ಯಾಯವಿದೆ. ಯಾವ ಬಣ್ಣಕ್ಕೆ ತಿರುಗಿದಾಗ ಕೀಳಬೇಕು, ತೇವಾಂಶ ಎಷ್ಟಿರಬಹುದು, ಯಾವ ರಾಸಾಯನಿಕ ಕನಿಷ್ಠ ಎಷ್ಟಿರಬೇಕು ಎಂಬುದೆಲ್ಲ ಅಲ್ಲಿ ಬರೆದಿದೆ. ನಮ್ಮಲ್ಲಿ ಮಾತ್ರ ಅದು ಇನ್ನೊಂದು ಹೂವಿನ ನಕಲು. ಕುಸುಬೆಯನ್ನು ಕುಸುಬೆ ಎಂದೇ ಗುರುತಿಸಿ, ಅದರ ಗುಣಮಟ್ಟವನ್ನು ಪ್ರಯೋಗಾಲಯದಲ್ಲಿ ಸಾಬೀತು ಮಾಡುವುದು ಹೇಗೆ ಎಂಬುದು ಇವತ್ತಿನ ವಿಷಯ. ಕೇಸರಿ ನಡುನಡುವೆ ಬಂದು ಹೋಗುತ್ತದೆ, ಏಕೆಂದರೆ ಅದನ್ನು ಪಕ್ಕಕ್ಕೆ ಇಟ್ಟುಕೊಳ್ಳದೆ ಕುಸುಬೆಯ ಗುರುತು ಹೇಳುವುದು ಕಷ್ಟ.

ಇಲ್ಲಿ ಕುಳಿತಿರುವ ರೈತರಿಗೆ ಗಿಡವನ್ನು ಪರಿಚಯಿಸುವ ಅಗತ್ಯವಿಲ್ಲ. ಅಣ್ಣಿಗೇರಿ, ನವಲಗುಂದ, ರೋಣ, ನರಗುಂದದ ಎರೆ ಹೊಲಗಳಲ್ಲಿ ಹಿಂಗಾರಿಯ ಜೋಳ, ಕಡಲೆಯ ಜೊತೆ ಅಕ್ಕಡಿ ಸಾಲಾಗಿ ಇದನ್ನು ಬಿತ್ತುವವರು ನೀವು. ದನ ನುಗ್ಗದಿರಲಿ ಎಂದು ಹೊಲದ ಅಂಚಿಗೆ ಹಾಕುವುದೂ ಉಂಟು. ಬೇರು ಆಳಕ್ಕೆ ಇಳಿಯುವುದರಿಂದ ಮಳೆ ಕೈಕೊಟ್ಟರೂ ಗಿಡ ತಡೆದುಕೊಳ್ಳುತ್ತದೆ. ಎಳೆಯ ಸೊಪ್ಪು ಪಲ್ಯಕ್ಕೆ, ಕಾಳು ಗಾಣಕ್ಕೆ, ಹಿಂಡಿ ದನಕ್ಕೆ. ಹೂವು ಮಾತ್ರ ಹೊಲದಲ್ಲೇ ಬಾಡಿ ಉದುರುತ್ತದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ ಅಣ್ಣಿಗೇರಿಯ ಸಂಶೋಧನಾ ಕೇಂದ್ರದಿಂದ ಎ-1ರಂತಹ ತಳಿಗಳು ಬಂದಿವೆ. ಅವುಗಳ ಹೆಗ್ಗಳಿಕೆಯನ್ನು ಅಳೆಯುವುದು ಕಾಳಿನ ಇಳುವರಿ ಮತ್ತು ಎಣ್ಣೆಯಿಂದ. ಹೂವಿನ ಲೆಕ್ಕ ಇಟ್ಟವರು ಕಡಿಮೆ.

ಈಗ ಮೇಜಿನ ಮೇಲಿರುವುದನ್ನು ನೋಡೋಣ. ಒಂದು ಬಟ್ಟಲಲ್ಲಿ ಕೇಸರಿಯ ಎಳೆಗಳಿವೆ, ಇನ್ನೊಂದರಲ್ಲಿ ಒಣಗಿದ ಕುಸುಬೆ. ಎರಡಕ್ಕೂ ಉಗುರುಬೆಚ್ಚಗಿನ ನೀರು ಹಾಕಿದ್ದೇನೆ. ಮೊಬೈಲಿನಲ್ಲಿ ಓಡಾಡುವ ಸಲಹೆಗಳ ಪ್ರಕಾರ, ನೀರಿಗೆ ಹಳದಿ ಬಣ್ಣ ಬಿಟ್ಟರೆ ಅಸಲಿ ಕೇಸರಿ. ಮುಂದಿನ ಸಾಲಿನವರು ನೋಡಿ ಹೇಳಿ: ಎರಡೂ ಬಟ್ಟಲಿನ ನೀರು ಹಳದಿಯಾಗಿದೆ. ಕುಸುಬೆಯಲ್ಲಿರುವ ಹಳದಿ ವರ್ಣಕವೂ ನೀರಿನಲ್ಲಿ ಸಲೀಸಾಗಿ ಕರಗುತ್ತದೆ. ಬೇಗ ಬಣ್ಣ ಬಿಟ್ಟಿತೇ ನಿಧಾನವಾಗಿ ಬಿಟ್ಟಿತೇ ಎಂದು ಗಡಿಯಾರ ನೋಡುವವರೂ ಇದ್ದಾರೆ. ನೀರು ಎಷ್ಟು ಬಿಸಿ, ಹೂವು ಎಷ್ಟು ಪುಡಿಯಾಗಿದೆ ಎಂಬುದರ ಮೇಲೆ ಅದು ಬದಲಾಗುತ್ತದೆ. ಬಣ್ಣವನ್ನು ಬಿಟ್ಟುಬಿಡಿ, ನೀರಿನಲ್ಲಿ ನೆನೆದು ಅರಳಿರುವ ಎಳೆಯ ಆಕಾರವನ್ನು ನೋಡಿ. ಈ ಪರೀಕ್ಷೆಯಲ್ಲಿ ನಿಜವಾಗಿ ಪ್ರಯೋಜನಕ್ಕೆ ಬರುವುದು ಅದೊಂದೇ.

ಚಿಮಟದಿಂದ ಕೇಸರಿಯ ಒಂದು ಎಳೆಯನ್ನು ಎತ್ತಿ ಬಿಳಿಯ ತಟ್ಟೆಯ ಮೇಲೆ ಇಟ್ಟಿದ್ದೇನೆ. ಭೂತಗನ್ನಡಿಯಲ್ಲಿ ನೋಡಿದರೆ ಒಂದು ತುದಿ ಸಪೂರ. ಇನ್ನೊಂದು ತುದಿ ಕಹಳೆಯ ಬಾಯಿಯಂತೆ ಅಗಲವಾಗಿದ್ದು, ಅಂಚಿನಲ್ಲಿ ಸಣ್ಣ ಸಣ್ಣ ಹಲ್ಲುಗಳಿವೆ. ಇದು ದಳವಲ್ಲ, ಹೆಣ್ಣು ಭಾಗದ ತುದಿ, ಅಂದರೆ ಶಲಾಕಾಗ್ರ. ಒಂದು ಹೂವಿಗೆ ಮೂರೇ ಕವಲು. ಕ್ರೋಕಸ್ ಸಟೈವಸ್ ಎಂಬ ಈ ಸಸ್ಯಕ್ಕೆ ಎಂಟೆಂಟರ ಮೂರು ಗಣ ವರ್ಣತಂತುಗಳಿರುವುದರಿಂದ, ಒಟ್ಟು 24, ಅದು ಬೀಜ ಕಟ್ಟುವುದಿಲ್ಲ, ಗಡ್ಡೆಯಿಂದಲೇ ಬೆಳೆಸಬೇಕು. ಒಂದು ಕಿಲೋ ಒಣ ಕೇಸರಿಗೆ ಸುಮಾರು ಒಂದೂವರೆ ಲಕ್ಷ ಹೂವು ಬೇಕಾಗುತ್ತದೆ. ಬೆಲೆ ಅಷ್ಟಿರುವುದು ಅದಕ್ಕೆ, ಮೋಸ ಅಷ್ಟಿರುವುದೂ ಅದಕ್ಕೆ. ಮೋಸ ಹೊಸದೇನೂ ಅಲ್ಲ. 1444ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ನಗರದಲ್ಲಿ ಕೇಸರಿಗೆ ಕಲಬೆರಕೆ ಮಾಡಿದ ವ್ಯಾಪಾರಿಯೊಬ್ಬನನ್ನು ಅವನ ಸರಕಿನೊಂದಿಗೇ ಸುಟ್ಟಿದ್ದರು. ಇಲ್ಲಿರುವ ವ್ಯಾಪಾರಿಗಳು ಗಾಬರಿಯಾಗಬೇಕಿಲ್ಲ, ನಮ್ಮಲ್ಲಿ ದಂಡ ಮತ್ತು ಕೋರ್ಟು ಮಾತ್ರ.

ಪಕ್ಕದಲ್ಲಿ ಕುಸುಬೆಯ ಒಂದು ಎಳೆ. ಸೂರ್ಯಕಾಂತಿಯ ಕುಟುಂಬಕ್ಕೆ ಸೇರಿದ ಕಾರ್ಥಮಸ್ ಟಿಂಕ್ಟೋರಿಯಸ್ ಇದು. ನಾವು ಒಂದು ಹೂವು ಎನ್ನುವುದು ಅನೇಕ ಕಿರುಹೂಗಳ ಗೊಂಚಲು. ಈ ಎಳೆ ಒಂದು ಇಡೀ ಕಿರುಹೂವು. ಕೆಳಗೆ ದಾರದಷ್ಟು ತೆಳುವಾದ ಕೊಳವೆ, ಮೇಲೆ ಐದು ಸೀಳು. ಸೀಳುಗಳನ್ನು ಸೂಜಿಯಿಂದ ಬಿಡಿಸಿದರೆ ನಡುವೆ ಹಳದಿಯ ಇನ್ನೊಂದು ಕೊಳವೆ ಕಾಣುತ್ತದೆ. ಐದು ಪರಾಗಕೋಶಗಳು ಒಂದಕ್ಕೊಂದು ಅಂಟಿಕೊಂಡು ಆಗಿರುವುದು ಅದು. ಅದರೊಳಗಿಂದ ಶಲಾಕೆ ಹೊರಗೆ ಇಣುಕುತ್ತದೆ. ಕೇಸರಿಯಲ್ಲಿ ನೀವು ಎಷ್ಟೇ ಹುಡುಕಿದರೂ ಐದು ಸೀಳಿನ ಕೊಳವೆ ಸಿಗುವುದಿಲ್ಲ, ಕುಸುಬೆಯಲ್ಲಿ ಹಲ್ಲಿನ ಅಂಚಿನ ಅಗಲ ಬಾಯಿ ಸಿಗುವುದಿಲ್ಲ. ಇಡೀ ಎಳೆ ಕೈಯಲ್ಲಿದ್ದರೆ ಒಂದು ಬಟ್ಟಲು ನೀರು ಮತ್ತು ಭೂತಗನ್ನಡಿ ಸಾಕು. ಲಕ್ಷಗಟ್ಟಲೆ ಬೆಲೆಯ ಯಂತ್ರ ಬೇಕಾಗಿಲ್ಲ ಎಂದು ಪ್ರಯೋಗಾಲಯದವನೇ ಹೇಳಿದರೆ ನಮ್ಮ ಹುದ್ದೆಗೇ ಸಂಚಕಾರ ಬಂದೀತು, ಆದರೂ ಹೇಳುತ್ತಿದ್ದೇನೆ.

ತೊಂದರೆ ಶುರುವಾಗುವುದು ಪುಡಿಯಲ್ಲಿ. ಪುಡಿಯಾದ ಮೇಲೆ ಆಕಾರ ಹೋಯಿತು, ಸೂಕ್ಷ್ಮದರ್ಶಕ ಬಂತು. ಚಿಟಿಕೆ ಪುಡಿಯನ್ನು ಕ್ಲೋರಲ್ ಹೈಡ್ರೇಟ್ ದ್ರಾವಣದಲ್ಲಿ ಬಿಸಿ ಮಾಡಿ ತಿಳಿಯಾಗಿಸಿ ಸ್ಲೈಡ್ ಮೇಲೆ ಇಡುತ್ತೇವೆ. ಕುಸುಬೆಯಾದರೆ ಮೊದಲು ಕಣ್ಣಿಗೆ ಬೀಳುವುದು ಪರಾಗದ ಕಣಗಳು: ದುಂಡಗೆ, ಮೂರು ರಂಧ್ರ, ಮೈತುಂಬ ಮೊನಚು ಮುಳ್ಳು. ಗಿಡಕ್ಕೆ ಇರುವ ಮುಳ್ಳು ಪರಾಗಕ್ಕೂ ಇದೆ. ಕೇಸರಿಯ ಪರಾಗ ಅದಕ್ಕಿಂತ ದೊಡ್ಡದು, ಮುಳ್ಳಿಲ್ಲ, ಮತ್ತು ಅಪರೂಪ. ಶಲಾಕಾಗ್ರಕ್ಕೆ ಅಂಟಿಕೊಂಡು ಬಂದ ಒಂದೆರಡು ಕಣ ಮಾತ್ರ ಸಿಗುತ್ತವೆ. ಕುಸುಬೆಯ ಇನ್ನೊಂದು ಗುರುತು ಅದರ ಸ್ರಾವದ ನಾಳಗಳು. ನೀರು ಸಾಗಿಸುವ ನಾಳಗಳ ಪಕ್ಕದಲ್ಲೇ ಕೆಂಗಂದು ಬಣ್ಣದ ರಸ ತುಂಬಿದ ಉದ್ದುದ್ದ ಗೆರೆಗಳಾಗಿ ಅವು ಓಡುತ್ತವೆ. ಒಂದು ಸಲ ನೋಡಿದವರು ಮರೆಯುವುದಿಲ್ಲ. ಕೇಸರಿಯ ಪುಡಿಗೆ ಸ್ವಲ್ಪವೇ ಕುಸುಬೆ ಸೇರಿಸಿದ್ದರೂ ತಾಳ್ಮೆಯಿಂದ ಹತ್ತಾರು ಸ್ಲೈಡ್ ನೋಡುವವರ ಕಣ್ಣಿಗೆ ಒಂದು ಮುಳ್ಳಿನ ಪರಾಗವಾದರೂ ಸಿಕ್ಕೇ ಸಿಗುತ್ತದೆ.

ಗಂಧಕಾಮ್ಲದ ಪರೀಕ್ಷೆಯನ್ನು ಪಿಂಗಾಣಿ ಬಿಲ್ಲೆಯ ಮೇಲೆ ಮಾಡಿ ತೋರಿಸುತ್ತೇನೆ, ಮನೆಯಲ್ಲಿ ಯಾರೂ ಮಾಡಬೇಡಿ. ತೀಕ್ಷ್ಣ ಆಮ್ಲದ ಹನಿ ತಾಗಿದ ತಕ್ಷಣ ಕೇಸರಿ ಕಡುನೀಲಿಯಾಯಿತು, ಈಗ ನೇರಳೆಗೆ ತಿರುಗುತ್ತಿದೆ, ಕೊನೆಗೆ ಕೆಂಗಂದಾಗುತ್ತದೆ. ಅದರಲ್ಲಿರುವ ಕ್ಯಾರೊಟಿನಾಯ್ಡ್ ವರ್ಗದ ಕ್ರೋಸಿನ್ ಈ ನೀಲಿಗೆ ಕಾರಣ. ಕುಸುಬೆಗೆ ಆಮ್ಲ ಹಾಕಿದೆ, ನೀಲಿ ಬರಲಿಲ್ಲ. ಸಂತೋಷ. ಆದರೆ ಇಷ್ಟಕ್ಕೇ ಷರಾ ಬರೆದು ಸಹಿ ಹಾಕುವವರಿದ್ದಾರೆ. ಚೆಂಡುಹೂವಿನಲ್ಲೂ ಕ್ಯಾರೊಟಿನಾಯ್ಡ್‌ಗಳಿವೆ, ಅದೂ ನೀಲಿ ತೋರಿಸಬಹುದು. ನೀಲಿ ಬಂದರೆ ‘ಇದು ಕೇಸರಿಯೇ’ ಎಂದಾಗುವುದಿಲ್ಲ. ನೀಲಿ ಬರದಿದ್ದರೆ ‘ಇದು ಕೇಸರಿಯಲ್ಲ’ ಎಂದಷ್ಟೇ ಆಗುತ್ತದೆ. ಒಂದು ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಕೊಡುತ್ತದೆ, ಯಾವುದಕ್ಕೆ ಕೊಡುವುದಿಲ್ಲ ಎಂಬ ವಿವೇಚನೆಯೇ ಈ ವಿದ್ಯೆಯ ತಿರುಳು. ವಿದ್ಯಾರ್ಥಿಗಳು ಗುರುತು ಹಾಕಿಕೊಳ್ಳಬಹುದು.

ಯಂತ್ರಗಳ ವಿಷಯಕ್ಕೆ ಬರೋಣ. ಕೇಸರಿಯ ದರ್ಜೆ ನಿರ್ಧರಿಸಲು ಐಎಸ್‌ಒ 3632 ಎಂಬ ಅಂತರರಾಷ್ಟ್ರೀಯ ಮಾನಕವಿದೆ. ನೀರಿನ ಸಾರದ ಮೂಲಕ ಬೆಳಕು ಹಾಯಿಸಿ, 440 ನ್ಯಾನೊಮೀಟರ್ ತರಂಗಾಂತರದ ಬೆಳಕಿನಲ್ಲಿ ಬಣ್ಣ, 257ರಲ್ಲಿ ಕಹಿ, 330ರಲ್ಲಿ ಪರಿಮಳ ಎಂದು ಮೂರು ಕಡೆ ಅಳೆಯುತ್ತಾರೆ. ಬಣ್ಣದ ಬಲ 200 ದಾಟಿದರೆ ಮೊದಲ ದರ್ಜೆ. ದರ್ಜೆಗೆ ಇದು ಒಳ್ಳೆಯ ವಿಧಾನ. ಗುರುತಿಗೆ ಅಷ್ಟು ಒಳ್ಳೆಯದಲ್ಲ. ಕುಸುಬೆಯ ಹಳದಿ 400ರ ಆಸುಪಾಸಿನಲ್ಲಿ ಹೆಚ್ಚು ಬೆಳಕನ್ನು ಹೀರುತ್ತದೆ, ಅದರ ಬಾಲ 440ಕ್ಕೂ ಚಾಚುತ್ತದೆ. ಒಳ್ಳೆಯ ಕೇಸರಿಗೆ ಸ್ವಲ್ಪ ಕುಸುಬೆ ಬೆರೆಸಿದರೆ ಸಂಖ್ಯೆ ಅಂಥ ವ್ಯತ್ಯಾಸ ತೋರಿಸದೆ ಪಾಸಾಗಿಬಿಡಬಹುದು. ಯಂತ್ರ ಕೊಟ್ಟ ಸಂಖ್ಯೆಗೆ ಎರಡು ದಶಮಾಂಶ ಇರುವುದನ್ನು ಕಂಡು ಮರುಳಾಗಬಾರದು.

ಆದ್ದರಿಂದ ಬೇಕಾಗುವುದು ಒಂದರಲ್ಲಿ ಮಾತ್ರ ಇದ್ದು ಇನ್ನೊಂದರಲ್ಲಿ ಇರದ ವಸ್ತು. ಕುಸುಬೆಯಲ್ಲಿ ಅದು ಹೈಡ್ರಾಕ್ಸಿಸ್ಯಾಫ್ಲರ್ ಯೆಲ್ಲೋ ಎ. ಹೆಸರು ಉದ್ದ, ಕೆಲಸ ಚೊಕ್ಕ. ಕೇಸರಿಯಲ್ಲಿ ಇದು ಇರುವುದಿಲ್ಲ. ಸಾರದಲ್ಲಿರುವ ವಸ್ತುಗಳನ್ನು ಬೇರೆಬೇರೆ ಮಾಡಿ ತೋರಿಸುವ ದ್ರವ ಕ್ರೊಮಟೋಗ್ರಫಿ ಯಂತ್ರದಲ್ಲಿ 403 ನ್ಯಾನೊಮೀಟರಿನಲ್ಲಿ ನೋಡಿದರೆ ಅದಕ್ಕೆ ತನ್ನದೇ ಶಿಖರ ಮೂಡುತ್ತದೆ. ಕೇಸರಿ ಎಂದು ಬಂದ ಮಾದರಿಯಲ್ಲಿ ಆ ಶಿಖರ ಕಂಡರೆ ಕುಸುಬೆ ಸೇರಿದೆ ಎಂದರ್ಥ. ಕುಸುಬೆ ಎಂದೇ ಬಂದ ಮಾದರಿಯಲ್ಲಿ ಅದೇ ಶಿಖರದ ಎತ್ತರ ಗುಣಮಟ್ಟವನ್ನು ಹೇಳುತ್ತದೆ: ಚೀನಾದ ಔಷಧಕೋಶದ ಪ್ರಕಾರ ಒಣ ಹೂವಿನಲ್ಲಿ ಇದು ಶೇ. 1ಕ್ಕಿಂತ ಕಡಿಮೆ ಇರಕೂಡದು, ಕೆಂಪ್ಫೆರಾಲ್ ಎಂಬ ಇನ್ನೊಂದು ರಾಸಾಯನಿಕ ಶೇ. 0.05ಕ್ಕಿಂತ ಕಡಿಮೆ ಇರಕೂಡದು. ದ್ರವ ಕ್ರೊಮಟೋಗ್ರಫಿಯ ಸೌಲಭ್ಯ ಇಲ್ಲದ ಕಡೆ ಸಿಲಿಕಾ ಲೇಪಿಸಿದ ತಟ್ಟೆಯ ಮೇಲೆ, ಖಚಿತವಾಗಿ ಗೊತ್ತಿರುವ ಕುಸುಬೆಯ ಸಾರವನ್ನೂ ಅನುಮಾನದ ಮಾದರಿಯನ್ನೂ ಪಕ್ಕಪಕ್ಕದಲ್ಲಿ ಓಡಿಸಿ ಪಟ್ಟಿಗಳನ್ನು ಹೋಲಿಸಬಹುದು.

ಖಚಿತವಾಗಿ ಗೊತ್ತಿರುವ ಕುಸುಬೆ ಎಂದೆನಲ್ಲ, ಅದು ಎಲ್ಲಿಂದ ಬರುತ್ತದೆ? ಬಹಳ ಕಡೆ ಈ ಕೆಲಸ ಎಡವುವುದು ಇಲ್ಲಿಯೇ. ಅಂಗಡಿಯಿಂದ ತಂದ ಹೂವನ್ನು ಇನ್ನೊಂದು ಅಂಗಡಿಯಿಂದ ತಂದ ಹೂವಿನೊಂದಿಗೆ ಹೋಲಿಸಿ ವರದಿ ಬರೆದರೆ ಎರಡೂ ಸುಳ್ಳಾಗಿರಬಹುದು. ಸಸ್ಯಶಾಸ್ತ್ರಜ್ಞರು ನೋಡಿ ಹೆಸರು ಖಚಿತಪಡಿಸಿದ, ಬೇರು, ಎಲೆ, ಹೂವಿನ ಬುಡದ ಮುಳ್ಳಿನ ತೊಟ್ಟೆಲೆ, ಹೂವು ಎಲ್ಲ ಇರುವ ಇಡೀ ಗಿಡವನ್ನು ಒತ್ತಿ ಒಣಗಿಸಿ, ಊರು, ದಿನಾಂಕ, ತಂದವರ ಹೆಸರು ಬರೆದು ಸಂಖ್ಯೆ ಕೊಟ್ಟು ಕಾಪಿಡಬೇಕು. ಅದೇ ಗಿಡದ ಹೂವು ನಮ್ಮ ಅಳತೆಗೋಲು. ಈ ವಿಷಯದಲ್ಲಿ ಗದಗ, ಧಾರವಾಡದವರು ಅದೃಷ್ಟವಂತರು. ಕಪ್ಪತಗುಡ್ಡದ ಅಪರೂಪದ ಮೂಲಿಕೆಯಾದರೆ ಅರಣ್ಯ ಇಲಾಖೆಯ ಅನುಮತಿ ಹಿಡಿದು ಅಲೆಯಬೇಕು. ಕುಸುಬೆಯಾದರೆ ತಳಿ ಗೊತ್ತಿರುವ ಬೀಜವನ್ನು ಅಣ್ಣಿಗೇರಿಯಿಂದ ತಂದು ಕಾಲೇಜಿನ ಹಿತ್ತಲಲ್ಲೇ ಎರಡು ಸಾಲು ಬಿತ್ತಬಹುದು.

ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆ: ಡಿಎನ್‌ಎ ಪರೀಕ್ಷೆ ಬಂದ ಮೇಲೆ ಇಷ್ಟೆಲ್ಲ ಏಕೆ? ಒಳ್ಳೆಯ ಪ್ರಶ್ನೆ. ಐಟಿಎಸ್2ರಂತಹ ಸಣ್ಣ ಡಿಎನ್‌ಎ ತುಣುಕನ್ನು ಓದಿದರೆ ಪ್ರಭೇದ ಯಾವುದೆಂದು ತಿಳಿಯುತ್ತದೆ, ಪುಡಿಯಲ್ಲೂ ತಿಳಿಯುತ್ತದೆ. ಆದರೆ ಕುಸುಬೆಯ ಎಲೆಯಲ್ಲೂ, ತೊಟ್ಟೆಲೆಯಲ್ಲೂ ಅದೇ ಡಿಎನ್‌ಎ ಇರುತ್ತದೆ. ಹೂವಿನ ಬದಲು ಸಿಪ್ಪೆ ಸೊಪ್ಪು ಪುಡಿ ಮಾಡಿ ಕೊಟ್ಟರೂ ಅದು ‘ಕುಸುಬೆ’ ಎಂದೇ ಹೇಳುತ್ತದೆ. ಇನ್ನೂ ಜಾಣತನದ ಮೋಸವೊಂದಿದೆ. ಹೂವನ್ನು ನೀರಿನಲ್ಲಿ ನೆನೆಸಿ ಹಳದಿ ಸಾರವನ್ನೆಲ್ಲ ತೆಗೆದು ಬೇರೆ ಮಾರಿ, ಉಳಿದ ಚರಟವನ್ನು ಒಣಗಿಸಿ ಮತ್ತೆ ಹೂವೆಂದು ಮಾರುವುದು. ಕಾರ್ಥಮಿನ್ ಎಂಬ ಕೆಂಪು ವರ್ಣಕ ನೀರಿಗೆ ಕರಗದೆ ಉಳಿಯುವುದರಿಂದ ಚರಟ ಇನ್ನೂ ಕೆಂಪಗೆ, ಚೆಂದವಾಗಿಯೇ ಕಾಣುತ್ತದೆ. ಡಿಎನ್‌ಎ ಪಾಸು, ಸೂಕ್ಷ್ಮದರ್ಶಕದಲ್ಲೂ ಪಾಸು, ಔಷಧಿಯ ಅಂಶ ಮಾತ್ರ ನೀರಿನಲ್ಲಿ ಹೋಗಿದೆ. ಇದನ್ನು ಹಿಡಿಯಲು ಹಳೆಯ ಕಾಲದ ಪರೀಕ್ಷೆಯೇ ಗತಿ: ನೀರಿನಲ್ಲಿ ಕರಗುವ ಸಾರ ಎಷ್ಟು ಎಂದು ತೂಗುವುದು, ಜೊತೆಗೆ ಹಳದಿಯನ್ನು 401ರಲ್ಲಿ, ಕೆಂಪನ್ನು ಅಸಿಟೋನ್ ಸಾರದಲ್ಲಿ 518ರಲ್ಲಿ ಅಳೆಯುವುದು. ಕೆಂಪು ಇದ್ದು ಹಳದಿ ಕುಸಿದಿದ್ದರೆ ಹೂವು ಒಮ್ಮೆ ನೀರು ಕಂಡು ಬಂದಿದೆ.

ಈ ಎರಡು ವರ್ಣಕಗಳ ಸ್ವಭಾವ ಹಿಂದಿನ ಬಣ್ಣಗಾರರಿಗೆ ಚೆನ್ನಾಗಿ ಗೊತ್ತಿತ್ತು. ಹಳದಿಯನ್ನು ನೀರಿನಲ್ಲಿ ತೊಳೆದು ಕಳೆದು, ಉಳಿದ ಹೂವನ್ನು ಬೂದಿಯ ಕ್ಷಾರದ ನೀರಿಗೆ ಹಾಕಿದರೆ ಕಾರ್ಥಮಿನ್ ಕರಗುತ್ತದೆ. ಅದಕ್ಕೆ ಹುಳಿ ಬೆರೆಸಿದರೆ ಕೆಂಪಾಗಿ ಬಟ್ಟೆಗೆ ಕೂರುತ್ತದೆ. ಈ ಬಿಳಿಯ ಅರಳೆ ಬಟ್ಟೆಯ ತುಂಡನ್ನು ಆ ಕ್ಷಾರದ ನೀರಿನಲ್ಲಿ ಅದ್ದಿ ನಿಂಬೆರಸ ಹಿಂಡಿದ್ದೇನೆ, ಕೈಯಿಂದ ಕೈಗೆ ದಾಟಿಸಿ ನೋಡಿ. ಈ ಗುಲಾಬಿಗೆಂಪು ಕುಸುಬೆಯದೇ. ಕೇಸರಿಯಿಂದ ಇದು ಬರುವುದಿಲ್ಲ.

ಬೂದಿಯ ಮಾತು ಬಂತು. ಔಷಧಿ ಹೂವನ್ನು ಮೂಸೆಯಲ್ಲಿ ಸುಟ್ಟು ಬೂದಿ ತೂಗುತ್ತೇವೆ, ಆ ಬೂದಿಯನ್ನು ಸೌಮ್ಯ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಕುದಿಸಿ ಕರಗದೆ ಉಳಿದದ್ದನ್ನು ಮತ್ತೆ ತೂಗುತ್ತೇವೆ. ಕರಗದೆ ಉಳಿಯುವುದು ಮುಖ್ಯವಾಗಿ ಮರಳು, ಮಣ್ಣು. ಚೀನೀ ಔಷಧಕೋಶದಲ್ಲಿ ಇದಕ್ಕೆ ಶೇ. 5ರ ಮಿತಿ ಇದೆ. ನಮ್ಮ ಭಾಗದ ಹೂವು ನಪಾಸಾಗುವ ಅಪಾಯವಿರುವುದು ಈ ಪರೀಕ್ಷೆಯಲ್ಲೇ. ಎರೆ ಹೊಲದ ಕಣದಲ್ಲಿ ಹರವಿ ಒಣಗಿಸಿದ ಹೂವಿಗೆ ನುಣ್ಣನೆಯ ಕರಿದೂಳು ಮೆತ್ತಿಕೊಂಡರೆ ಜಾಡಿಸಿದರೂ ಬಿಡುವುದಿಲ್ಲ. ಕಲಬೆರಕೆ ಮಾಡದವರೂ ಕಲಬೆರಕೆಯವರ ಪಟ್ಟಿಗೆ ಸೇರುತ್ತಾರೆ.

ಇನ್ನೊಂದು ವಿಷಯವನ್ನು ವೈದ್ಯರೂ ಹೆಣ್ಣುಮಕ್ಕಳೂ ಇಬ್ಬರೂ ಕೇಳಬೇಕು. ಕುಬುಸದ ಹೊತ್ತಿಗೆ ಬಸುರಿಗೆ ಕೇಸರಿ ಹಾಲು ಕುಡಿಸುವ ರೂಢಿ ನಮ್ಮಲ್ಲಿ ಉಂಟು. ಕೂಸು ಬೆಳ್ಳಗೆ ಹುಟ್ಟುತ್ತದೆ ಎಂಬುದು ಬರೀ ನಂಬಿಕೆ. ಮೈಬಣ್ಣಕ್ಕೂ ಹಾಲಿಗೆ ಹಾಕಿದ ಎಳೆಗೂ ಸಂಬಂಧವಿಲ್ಲ. ಅದಿರಲಿ. ಆ ಎಳೆ ಕುಸುಬೆಯಾಗಿದ್ದರೆ? ಚೀನೀ ವೈದ್ಯರು ಕುಸುಬೆಯನ್ನು ಬಳಸುವುದೇ ರಕ್ತದ ಚಲನೆಗೆ, ನಿಂತ ಮುಟ್ಟಿಗೆ. ಬಸುರಿಯರ ವಿಷಯದಲ್ಲಿ ಎಚ್ಚರ ಎಂದು ಅವರ ಔಷಧಕೋಶವೇ ಬರೆದಿದೆ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರೂ ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ಎರಡೂ ಹೂವುಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕು ಎಂದು ನಾನು ಹಟ ಹಿಡಿಯುವುದಕ್ಕೆ ಬೆಲೆಗಿಂತ ದೊಡ್ಡ ಕಾರಣ ಇದು. ಮೋಸಹೋದ ರೊಕ್ಕವನ್ನು ಮುಂದೆ ಗಳಿಸಬಹುದು.

ಅಣ್ಣಿಗೇರಿ ಕಡೆಯ ಹಿರಿಯರೊಬ್ಬರು ಎದ್ದು ನಿಂತರು: “ಸಾಹೇಬರೇ, ಇದೆಲ್ಲ ಸರಿ. ಹೂ ಬಿಡಿಸಿದರೆ ಕಾಳು ಕಡಿಮೆಯಾಗುವುದಿಲ್ಲವೇ? ಮುಳ್ಳಿನಲ್ಲಿ ಯಾರು ಕೈ ಹಾಕುತ್ತಾರೆ?”

ಯಜಮಾನರೇ, ಹಳದಿಯಾಗಿ ಅರಳಿದ ಹೊತ್ತಿನಲ್ಲಿ ಕಿತ್ತರೆ ಕಾಳಿಗೆ ಹೊಡೆತ ಬೀಳಬಹುದು. ಹೂವು ಕೆಂಪಿಗೆ ತಿರುಗಿ ಬಾಡತೊಡಗಿದ ಮೇಲೆ ಕೀಳಿ. ಅಷ್ಟರಲ್ಲಿ ಪರಾಗಸ್ಪರ್ಶ ಮುಗಿದಿರುತ್ತದೆ. ಔಷಧಿಗೂ ಬೇಕಾಗಿರುವುದು ಹಳದಿಯಿಂದ ಕೆಂಪಿಗೆ ತಿರುಗಿದ ಹೂವೇ. ಮುಳ್ಳಿಗೆ ಉಪಾಯ ಎರಡು: ಇಬ್ಬನಿ ಇರುವಾಗಲೇ, ಮುಳ್ಳು ಮೆತ್ತಗಿರುವ ಬೆಳಗಿನ ಜಾವದಲ್ಲಿ ಬಿಡಿಸುವುದು ಒಂದು, ಮಹಾರಾಷ್ಟ್ರದ ಫಲ್ಟಣದ ನಿಂಬ್ಕರ್ ಕೃಷಿ ಸಂಶೋಧನಾ ಸಂಸ್ಥೆಯವರು ಹೊರತಂದ ನಾರಿ-6ರಂತಹ ಮುಳ್ಳಿಲ್ಲದ ತಳಿ ಬಿತ್ತುವುದು ಇನ್ನೊಂದು. ಮುಳ್ಳಿಲ್ಲದ್ದನ್ನು ಬಿತ್ತಿದರೆ ದನ ಕಾಯುವ ಕೆಲಸ ಹೆಚ್ಚುತ್ತದೆ, ಅದು ನಿಮಗೆ ಬಿಟ್ಟದ್ದು. ಕೊಳ್ಳುವವರು ಗಟ್ಟಿಯಾಗಿ ಸಿಕ್ಕ ಮೇಲೆಯೇ ಕೂಲಿ ಹಚ್ಚಿರಿ. ದರದ ಬಗ್ಗೆ ನಾನು ಆಸೆ ಹುಟ್ಟಿಸುವುದಿಲ್ಲ.

ಪರೀಕ್ಷೆಗೆ ಮಾದರಿ ಕಳಿಸುವವರಿಗೆ ಇಷ್ಟು ಹೇಳಿ ಮುಗಿಸುತ್ತೇನೆ. ನೆಲಕ್ಕೆ ಹರವಬೇಡಿ, ಹೊರಸಿನ ಮೇಲೆ ತೊಳೆದ ಬಟ್ಟೆ ಹಾಸಿ ನೆರಳಿನಲ್ಲಿ, ಗಾಳಿಯಾಡುವಲ್ಲಿ ಒಣಗಿಸಿ. ತೇವಾಂಶ ಶೇ. 13 ಮೀರಿದರೆ ಬೂಸು ಹಿಡಿಯುವ ಭಯವಿದೆ. ಪೂರ್ತಿ ಒಣಗುವ ಮುನ್ನ ಪ್ಲಾಸ್ಟಿಕ್ ಚೀಲಕ್ಕೆ ತುಂಬಿದರೆ ದಾರಿಯಲ್ಲೇ ಕೆಡುತ್ತದೆ, ಕಾಗದದ ಚೀಲ ಒಳ್ಳೆಯದು. ಚೀಲದ ಮೇಲಿನಿಂದಷ್ಟೇ ಹಿಡಿ ತೆಗೆಯದೆ ಮೇಲೆ, ನಡುವೆ, ತಳ ಮೂರೂ ಕಡೆಯಿಂದ ತೆಗೆದು ಬೆರೆಸಿ. ಧೂಳು ತಳದಲ್ಲಿ ಕೂತಿರುತ್ತದೆ. ಚೀಟಿಯ ಮೇಲೆ ಊರು, ಹೊಲದ ಗುರುತು, ತಳಿ, ಬಿಡಿಸಿದ ದಿನಾಂಕ ಬರೆಯಿರಿ. ಜೊತೆಗೆ ಅದೇ ಹೊಲದ ಒಂದು ಇಡೀ ಗಿಡವನ್ನು ಬೇರುಸಹಿತ ಕಿತ್ತು, ಹಳೆಯ ವೃತ್ತಪತ್ರಿಕೆಯಲ್ಲಿ ಮಡಚಿ, ಮೇಲೆ ಭಾರ ಹೇರಿ ಒಣಗಿಸಿ ಕಳಿಸಿ. ಮುಳ್ಳು ಕಾಗದವನ್ನು ಹರಿಯುತ್ತದೆ, ಆದ್ದರಿಂದ ಎರಡು ಪದರ ಹಾಕಿ.